ಎಣ್ಣೆ ಪಾಲು

ಹೊನ್ನಾವರದ ಬಂದರ ರಸ್ತೆಯಲ್ಲಿ ವೆಂಕಟ್ರಮಣ ಶಾನಭಾಗನ ಅಂಗಡಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೂಗಿದ್ದರೆ ಸಾಕಿತ್ತು. ಚಿಮಣಿ ಎಣ್ಣೆಯ ವಾಸನೆ ಅವನ ಅಂಗಿಗೆ, ಕೂದಲಿಗೆ, ಕಡೆಗೆ ಅವನು ಉಣ್ಣುವ ಅನ್ನಕ್ಕೂ ಹತ್ತಿಕೊಂಡಿತ್ತು. ಹೋಟೆಲಿಗೆ ಹೋಗಿ ಕೂತರೆ ಪಕ್ಕದವರು ಏನೋ ಕೆಲಸ ನೆನಪಾಯಿತೆಂಬಂತೆ ಎದ್ದು ಬೇರೆ ಬೆಂಚಿಗೆ ಹೋಗುತ್ತಿದ್ದರು. ಹೆಂಡತಿ ಸುಮತಿ ಇದ್ದಾಗ ಸೀಗೆಪುಡಿ ಹಾಕಿ ತಿಕ್ಕಿ, ಬೈದು, ಹೇಗೋ ವಾಸನೆಯನ್ನು ಒಂದಿಷ್ಟು ಹದ್ದುಬಸ್ತಿನಲ್ಲಿ ಇಟ್ಟಿದ್ದಳು. ಚೊಚ್ಚಲ ಹೆರಿಗೆಯಲ್ಲಿ ಅವಳೂ ಮಗುವೂ ಹೋದ ಮೇಲೆ ಬೈಯುವವರೂ ಇಲ್ಲವಾದರು. ಭಟ್ಕಳದಲ್ಲಿದ್ದ ಅಕ್ಕ ಶ್ರೀಮತಿ ಇನ್ನೊಂದು ಮದುವೆಗೆ ಹೆಣ್ಣು ತೋರಿಸಿ ತೋರಿಸಿ ಬೇಸತ್ತು ಸುಮ್ಮನಾಗಿದ್ದಳು.

ಹಗಲೆಲ್ಲ ಗಿರಾಕಿಗಳಿದ್ದರು, ಅದು ಬೇರೆ. ಅಂಗಡಿ ಬಾಗಿಲು ಹಾಕಿದ ಮೇಲೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಕೆಲವು ದಿನ ತನ್ನ ಗಂಟಲು ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಅವನು ಗೋಡೆಗೆ ಕೇಳುವಂತೆ ಕೆಮ್ಮುತ್ತಿದ್ದ.

ಅವನ ಜೀವ ಹಿಡಿದುಕೊಂಡಿದ್ದು ಭಾನುವಾರಗಳಲ್ಲಿ. ಅಂಗಡಿಗೆ ರಜೆ. ಬೆಳಕು ಹರಿಯುತ್ತಲೇ ದೋಣಿ ಹತ್ತಿ ಶರಾವತಿಯ ಆಚೆ ದಡಕ್ಕೆ, ಕಾಸರಕೋಡಿನ ಟೊಂಕವೆಂಬ ಮೀನುಗಾರರ ಕೇರಿಗೆ ಹೋಗುತ್ತಿದ್ದ. ಅಲ್ಲಿ ರಂಪಣಿ ಎಳೆಯುತ್ತಿದ್ದರು. ರಂಪಣಿಯೆಂದರೆ ಸಣ್ಣ ಬಲೆಯಲ್ಲ. ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಬಳಸಿ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಡದ ಮೇಲೆ ನಿಂತು ಊರಿಗೆ ಊರೇ ಎಳೆಯಬೇಕು. ಸುಮತಿ ತೀರಿಕೊಂಡ ವರ್ಷ ಖಾಲಿ ಡಬ್ಬಿ ತರಲು ಅತ್ತ ಹೋಗಿದ್ದವನು ಸುಮ್ಮನೆ ನಿಂತು ನೋಡುತ್ತಿದ್ದ. ಮೀನು ಮಾರುವ ಸುಬ್ಬಿ ಹಗ್ಗದಿಂದಲೇ ಕೂಗಿದ್ದಳು: "ಎಂತ ಕಣ್ಣು ಬಿಟ್ಕಂಡು ನೋಡ್ತ್ರಿ ಶಾನಭಾಗ್ರೆ? ಕೈ ಖಾಲಿ ಅದ್ಯಲೆ, ಹಿಡೀರಿ!"

ಹಿಡಿದ. ಅಂಗೈ ಸುಲಿಯಿತು. ಬಲೆ ದಡಕ್ಕೆ ಬಂದು ಮೀನು ರಾಶಿ ಬಿದ್ದಾಗ ತಾಂಡೇಲ ತಿಮ್ಮ, ಎಂದರೆ ಆ ಬಲೆಯ ಯಜಮಾನಿಕೆ ಮಾಡುವವನು, ಪಾಲು ಹಾಕಿದ. ದೋಣಿಗೊಂದು ಪಾಲು, ಬಲೆಗೊಂದು ಪಾಲು, ದೇವರಿಗೊಂದು ಪಾಲು. ಉಳಿದದ್ದು ಹಗ್ಗಕ್ಕೆ ಕೈ ಹಚ್ಚಿದವರಿಗೆ. ಮುದುಕಿಗೂ ಅಷ್ಟೇ, ಗಟ್ಟಿಮುಟ್ಟಾದವನಿಗೂ ಅಷ್ಟೇ. ವೆಂಕಟ್ರಮಣನ ಪಂಚೆಯ ಸೆರಗಿಗೂ ಬಂಗಡೆ ಬಿತ್ತು. "ಇದು ನಿಮ್ಮ ಕೈ ಪಾಲು" ಎಂದ ತಿಮ್ಮ. ಬೇಡ ಎನ್ನಲು ಹೋದವನು ಸೆರಗನ್ನು ಗಂಟು ಹಾಕಿಕೊಂಡ. ಎಷ್ಟೋ ತಿಂಗಳ ಮೇಲೆ ಯಾರೋ ತನ್ನನ್ನು ಲೆಕ್ಕಕ್ಕೆ ಹಿಡಿದಿದ್ದರು. ದೋಣಿಯಲ್ಲಿ ಬರುವಾಗ ಯಾರಿಗೂ ಕಾಣದಂತೆ ಮುಖ ತಿರುಗಿಸಿಕೊಂಡು ಅತ್ತ.

ಅಲ್ಲಿಂದ ಅವನು ಅವರ ವೆಂಕಣ್ಣನಾದ. ರಂಪಣಿ ಇರುವ ತಿಂಗಳುಗಳಲ್ಲಿ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಹಗ್ಗದಲ್ಲಿ ಅವನಿಗೆ ಸುಬ್ಬಿಯ ಹಿಂದೆ, ಅವಳ ಜೊತೆಗಾತಿ ಲಕ್ಕಿಯ ಮುಂದೆ ಒಂದು ಜಾಗವಿತ್ತು. ಅಲ್ಲಿ ಅವನ ವಾಸನೆಗೆ ಯಾರೂ ಎದ್ದು ಹೋಗುತ್ತಿರಲಿಲ್ಲ. ಎಲ್ಲರ ಮೈಯೂ ಮೀನಿನ ವಾಸನೆ. "ವೆಂಕಣ್ಣ ಬೆಂಕಿ ಹತ್ರ ಹೋಗ್ಬೇಡ, ಹೊತ್ಕಂಬೆ!" ಎಂದು ಲಕ್ಕಿ ಅಣಕಿಸಿದರೆ ಇಡೀ ಹಗ್ಗ ನಗುತ್ತಿತ್ತು. ಆ ಹೆಂಗಸರೇ ವಾರದ ದಿನಗಳಲ್ಲಿ ಪೇಟೆಯಲ್ಲಿ ಮೀನು ಮಾರಿ, ಕುತ್ತಿಗೆಗೆ ದಾರ ಕಟ್ಟಿದ ಬಾಟಲಿ ಹಿಡಿದು ಅವನ ಜಗಲಿಯಲ್ಲಿ ಕೂತು, ದೋಣಿ ಬರುವವರೆಗೆ ಊರ ಸುದ್ದಿಯನ್ನೆಲ್ಲ ಬಿಚ್ಚುತ್ತಿದ್ದರು.

ಇಷ್ಟಿರುವಾಗ ಚೀನಾದ ಯುದ್ಧ ಆಗಿ, ಮರುವರ್ಷದ ಬಜೆಟ್ಟು ಬಂತು. ಚಿಮಣಿ ಎಣ್ಣೆಯ ಮೇಲೆ ಸುಂಕ ಏರಿತು.

ಸಂಜೆ ಹೋಟೆಲಿನಲ್ಲಿ ಅದೇ ಮಾತು. ಹೈಸ್ಕೂಲಿನ ಅನಂತಮೂರ್ತಿ ಮಾಸ್ತರರು ಮೇಜು ಗುದ್ದುತ್ತಿದ್ದರು. "ಎಣ್ಣೆ ಕಂಪನಿ ಲಾಭ ಹಡಗು ಹತ್ತಿ ವಿಲಾಯತಿಗೆ ಹೋಗ್ತದೆ. ತೆರಿಗೆ ಅದ್ರ ಮೇಲೆ ಹಾಕ್ಲಿ. ಚಿಮಣಿ ಬುಡ್ಡಿ ಮೇಲೆ ಎಂತಕೆ?" ಇನ್ನೊಬ್ಬರು ಗಡಿಯಲ್ಲಿ ಜವಾನರು ಚಳಿಯಲ್ಲಿ ನಿಂತಿರುವುದನ್ನು ನೆನಪಿಸಿದರು. ಮತ್ತೊಬ್ಬರು, ಕಂಪನಿಗೆ ತೆರಿಗೆ ಹಾಕಿದರೂ ಅದು ಕೊನೆಗೆ ಬುಡ್ಡಿಗೇ ಬಂದು ಬೀಳುತ್ತದೆ ಎಂದರು. ಹೀಗೆ ವಾದಿಸುತ್ತಿದ್ದವರ ಮನೆಗಳಲ್ಲೆಲ್ಲ ಕರೆಂಟು ಬಂದಿತ್ತು ಎಂಬುದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಯಾರೋ ಕೇಳಿದರು: "ಶಾನಭಾಗ, ನಿನ್ನ ಹತ್ರ ಹಳೇ ದರದ ಮಾಲು ಅದೆಯಾ?"

ಇತ್ತು. ಹೋದ ವಾರವಷ್ಟೇ ಲಾರಿಯಲ್ಲಿ ಬಂದಿಳಿದ ಪೀಪಾಯಿಗಳು ಹಿತ್ತಲ ಮಾಡಿನ ಕೆಳಗೆ ತುಂಬಿ ಕೂತಿದ್ದವು. ಹೌದೆಂದ. ಆ ಸಂಜೆ ಒಂದು ಚಮತ್ಕಾರ ನಡೆಯಿತು. ಯಾರೂ ಎದ್ದು ಹೋಗಲಿಲ್ಲ, ಬದಲಿಗೆ ಹತ್ತಿರ ಸರಿದು ಕೂತರು. ಅವನ ಚಹಾದ ದುಡ್ಡನ್ನು ಇನ್ನೊಬ್ಬರು ಕೊಟ್ಟರು. "ಅದೃಷ್ಟ ಮಾರಾಯ! ಹೊಸ ದರಕ್ಕೆ ಮಾರು. ನಾಳೆ ಬರೂ ಪೀಪಾಯಿ ನೀನು ಹೊಸ ದರ ಕೊಟ್ಟೇ ತರ್ಬೇಕಲ, ಆ ದುಡ್ಡು ಎಲ್ಲಿಂದ ಬತ್ತದೆ?" ಈ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಕುಮಟೆಯಲ್ಲಿದ್ದ ಕಂಪನಿಯ ಏಜೆಂಟ ಶ್ರೀಕೃಷ್ಣ ನಾಯಕನೂ ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೇಳಿ ಕಳಿಸಿದ್ದ: ಎಲ್ಲರೂ ಹೊಸ ದರ, ನೀನೊಬ್ಬ ಹಳೇ ದರಕ್ಕೆ ಕೊಟ್ಟು ಧರ್ಮರಾಯ ಆಗಲು ಹೋದರೆ ಮುಂದೆ ನನ್ನ ಹತ್ತಿರ ಮಾಲು ಕೇಳಬೇಡ.

ವೆಂಕಟ್ರಮಣ ಕೆಟ್ಟವನಲ್ಲ. ಆಸೆಬುರುಕನೂ ಅಲ್ಲ. ಬೆಂಚಿನ ತುಂಬ ಜನ ತನ್ನ ಪಕ್ಕ ಕೂತಿದ್ದು ಅವನಿಗೆ ಹಿತವಾಗಿತ್ತು, ಅಷ್ಟೇ. ಮರುದಿನ ಬೆಳಿಗ್ಗೆ ಹೊಸ ದರ ಹೇಳಿದ.

ಮೊದಲು ಬಂದವಳು ಸುಬ್ಬಿ. ಬಾಟಲಿ ಚಾಚಿದವಳು ದರ ಕೇಳಿ ಕೈ ಹಿಂದಕ್ಕೆ ತೆಗೆದಳು. "ಇದು ಯಾವ ಎಣ್ಣೆ ವೆಂಕಣ್ಣ?"

"ಯಾವ ಎಣ್ಣೆ ಅಂದ್ರೆ? ಚಿಮಣಿ ಎಣ್ಣೆ."

"ಅದಲ್ಲ. ಲಾರಿಯಿಂದ ಇಳಸ್ವಾಗ ನಾ ಇದೇ ಜಗಲಿ ಮೇಲೆ ಕೂತ್ಕಂಡಿದ್ದೆ. ಆ ಎಣ್ಣೆಯಲ್ದಾ? ಅದು ಹೋದ ವಾರದ್ದು. ಹೋದ ವಾರದ ಬಂಗಡೆನ ನಾ ಇವತ್ತಿನ ಬಂಗಡೆ ಅಂತ ಮಾರಿದ್ರೆ ನೀ ತಕಂತ್ಯಾ?"

"ಮೀನು ಬೇರೆ, ಎಣ್ಣೆ ಬೇರೆ ಸುಬ್ಬಿ. ಇನ್ನು ಮುಂದೆ ನಾನೂ ಹೆಚ್ಚು ಕೊಟ್ಟು ತರ್ಬೇಕು. ಕಂಪನಿ ಹೇಳದಂಗೆ, ಸರ್ಕಾರ ಹೇಳದಂಗೆ ನಾನು. ನನ್ನ ಕೈಲಿ ಎಂತ ಅದೆ?"

ಸುಬ್ಬಿ ಅವನ ಕೈಯನ್ನೇ ನೋಡಿದಳು. ಅದರಲ್ಲಿ ಎಣ್ಣೆ ಸುರಿಯುವ ಲಾಳಿಕೆ ಇತ್ತು. "ಆತು. ಅರ್ಧ ಬಾಟ್ಲಿ ಹಾಕಿ" ಎಂದಳು. ಹಾಕಿ ಎಂದಳೇ ಹೊರತು ಹಾಕು ಎನ್ನಲಿಲ್ಲ. ಅದು ಅವನಿಗೆ ಚುಚ್ಚಿತು. ಅವಳು ಜಗಲಿಯಲ್ಲಿ ಕೂರದೆ ಬಿಸಿಲಲ್ಲೇ ದೋಣಿ ಕಾಯಲು ಹೋದಳು. ಅಂದಿನಿಂದ ಉಳಿದವರೂ ಅಷ್ಟೇ. ಯಾರೂ ಜಗಳಕ್ಕೆ ಬರಲಿಲ್ಲ. ಅರ್ಧ ಬಾಟಲಿ ಕೊಂಡು, ದುಡ್ಡು ಕೊಟ್ಟು, ಹೋದರು. ಇತ್ತ ಹೋಟೆಲಿನವರು ವಾರ ಕಳೆಯುವಷ್ಟರಲ್ಲಿ ಬಜೆಟ್ಟನ್ನು ಮರೆತು, ಮೊದಲಿನಂತೆ ಅವನ ಪಕ್ಕದಿಂದ ಎದ್ದರು.

ಭಾನುವಾರ ಟೊಂಕಕ್ಕೆ ಹೋದ. ಹಗ್ಗದಲ್ಲಿ ಅವನ ಜಾಗ ಅವನಿಗೇ ಇತ್ತು. ಎಳೆದ. ಆದರೆ ಲಕ್ಕಿ ಅಣಕಿಸಲಿಲ್ಲ. ತಾನೇ ಒಂದು ತಮಾಷೆ ಮಾಡಿ ನೋಡಿದ. ಅದು ಮರಳಿನ ಮೇಲೆ ಬಿದ್ದು ಅಲ್ಲೇ ಸತ್ತಿತು. ಪಾಲು ಮಾತ್ರ ಎಂದಿನಂತೆ ಬಂತು. ಮನೆಗೆ ಬಂದು ಮೀನು ಹುರಿದು, ಅರ್ಧ ತಿಂದು ತಟ್ಟೆ ಸರಿಸಿದ. ಈ ಹಗ್ಗವೂ ತಪ್ಪಿದರೆ ತನಗೆ ಇನ್ಯಾರಿದ್ದಾರೆ ಎಂಬ ಯೋಚನೆ ಬಂದು ಹೆದರಿದ.

ಏನಾದರೂ ಮಾಡಬೇಕಿತ್ತು. ದರ ಇಳಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಅದನ್ನೇ ಕೇಳುತ್ತೇನೆ. ಆದರೆ ಏಜೆಂಟ, ಪೇಟೆಯ ಬಾಕಿ ಅಂಗಡಿಯವರು, ಎಲ್ಲರೂ ಕಣ್ಣ ಮುಂದೆ ಬಂದರು. ದರ ಇಳಿಸಲು ಧೈರ್ಯ ಬಾರದವನು ದಾನ ಮಾಡಲು ಹೊರಟ. ಮುಂದಿನ ಭಾನುವಾರ ತುಂಬಿದ ಡಬ್ಬಿಯೊಂದನ್ನು ದೋಣಿಯಲ್ಲಿ ಹೇರಿಕೊಂಡು ಹೋಗಿ ತಾಂಡೇಲ ತಿಮ್ಮನ ಮುಂದೆ ಇಳಿಸಿದ.

"ನಿಮ್ಮ ಕಂದೀಲುಗಳಿಗೆ ತಂದೆ. ಬಲೆ ನೇಯೂಕೆ, ದೋಣಿಗೆ, ಎಲ್ಲದಕ್ಕೂ ಆಗ್ತದೆ."

ತಿಮ್ಮ ಡಬ್ಬಿಯನ್ನೂ ಅವನನ್ನೂ ನೋಡಿದ. "ಎಷ್ಟಾತು?"

"ಎಂತದೂ ಬೇಡ ಮಾರಾಯ. ನಮ್ಮವರಿಗೆ ಅಂತ ತಂದದ್ದು."

"ಪುಕ್ಕಟೆ ಎಣ್ಣೆ ಆಗೂದಿಲ್ಲ" ಎಂದ ತಿಮ್ಮ. ಹಿರಿಯರ ಕಡೆ ಹೋಗಿ ಮಾತಾಡಿದ. ಮುದುಕಿ ನಾಗಿ ಏನೋ ಹೇಳಿದಳು, ಉಳಿದವರು ತಲೆ ಆಡಿಸಿದರು. ತಿಮ್ಮ ತಿರುಗಿ ಬಂದು, "ಆತು. ಒಪ್ಪಿಗೆ. ನಾವು ಇಟ್ಕಂತ್ವು" ಎಂದ. ಅವನ ಮುಖದಲ್ಲಿ ಗೌರವವಿತ್ತು. ವೆಂಕಟ್ರಮಣನಿಗೆ ಎದೆ ಹಗುರಾಯಿತು. ಹಗ್ಗ ಹಿಡಿಯಲು ಹೋದರೆ, "ಇವತ್ತು ಕೂತ್ಕಳಿ, ದಣಿವು ಬೇಡ" ಎಂದು ಚಾಪೆ ಹಾಸಿ ಎಳನೀರು ಕೆತ್ತಿ ಕೊಟ್ಟರು. ಅವರ ಸಿಟ್ಟು ಇಳಿಯಿತು, ತಾನು ಗೆದ್ದೆ ಎಂದುಕೊಂಡ. ಆ ಇಡೀ ವಾರ ಅಂಗಡಿಯಲ್ಲಿ ಹಾಡು ಗುನುಗಿದ. ಭಟ್ಕಳದ ಅಕ್ಕನಿಗೆ ಒಂದು ಕಾರ್ಡು ಕೂಡ ಬರೆದ, ಚೆನ್ನಾಗಿದ್ದೇನೆ ಎಂದು.

ಮತ್ತೆ ಭಾನುವಾರ. ದೋಣಿಯಿಂದ ಇಳಿದು ಮರಳಲ್ಲಿ ಹೆಚ್ಚುಕಡಿಮೆ ಓಡುತ್ತ ಬಂದ. ಸುಬ್ಬಿಯ ಹಿಂದೆ, ಲಕ್ಕಿಯ ಮುಂದೆ ಬೇರೊಬ್ಬಳು ನಿಂತಿದ್ದಳು. ಯಾರದೋ ಮನೆಗೆ ಹೊಸದಾಗಿ ಬಂದ ಸೊಸೆ. ಸ್ವಲ್ಪ ಸರಿ ತಂಗಿ ಎನ್ನುವಷ್ಟರಲ್ಲಿ ತಿಮ್ಮ ಓಡಿಬಂದ.

"ಒಡೆಯಾ, ನೀವು ಎಂತಕೆ ಬಂದ್ರಿ? ನಮ್ಮ ಹುಡ್ಗ ದಾಸನ ಕೈಲಿ ಪಾಲು ಮನೆಗೇ ಕಳಸ್ತಿದ್ವಲ."

ಒಡೆಯಾ ಎಂಬ ಮಾತು ಯಾರಿಗೆ ಎಂದು ವೆಂಕಟ್ರಮಣ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ಯಾವ ಪಾಲು?"

"ಎಣ್ಣೆ ಪಾಲು. ದೋಣಿ ಹಾಕ್ದವಗೆ ದೋಣಿ ಪಾಲು, ಬಲೆ ಹಾಕ್ದವಗೆ ಬಲೆ ಪಾಲು. ನೀವು ಎಣ್ಣೆ ಹಾಕಿದ್ರಿ. ಮಾಲು ಹಾಕ್ದವರು ಹಗ್ಗ ಹಿಡಿಯೂದಿಲ್ಲ. ಹಿಡಿದ್ರೆ ಒಬ್ಬರಿಗೇ ಎರಡು ಪಾಲಾಗ್ತದೆ. ಎರಡು ಕೈ ಒಂದು ಬಿಟ್ರೆ ಬೇರೆ ಗತಿಯಿಲ್ದವರ ಪಾಲು ಕಡ್ಮೆ ಆಗ್ತದೆ. ನಾಗಕ್ಕ ಹೇಳಿದ್ಲು, ಎಲ್ರೂ ಒಪ್ಪಿದ್ವು."

"ನಾನು ಪಾಲಿಗೆ ಹಾಕಿದ್ದಲ್ಲ ತಿಮ್ಮ! ಸುಮ್ನೆ ಕೊಟ್ಟದ್ದು. ಆ ಡಬ್ಬಿ ತಿರುಗಿ ಕೊಡು, ತಕಂಡು ಹೋಗ್ತೆ."

"ಅರ್ಧ ಉರಿದು ಹೋತು ಒಡೆಯಾ."

"ಹಂಗಾರೆ ನಂಗೆ ಎಣ್ಣೆ ಪಾಲು ಬೇಡ. ಕೈ ಪಾಲೂ ಬೇಡ. ಯಾವ ಪಾಲೂ ಇಲ್ದೆ ಎಳೀತೆ. ಆತಲ?"

ತಿಮ್ಮ ನಿಜಕ್ಕೂ ಗಾಬರಿಯಾದ. "ಪಾಲಿಲ್ದೆ ಎಳೆಯೂದಾ? ಅದು ಬಿಟ್ಟಿ ಚಾಕರಿ! ನಮ್ಮ ಅಜ್ಜಂದಿರು ಮಾಡಿ ಸತ್ರು. ಈ ಹಗ್ಗದಲ್ಲಿ ಯಾರ ಕೈಲೂ ನಾವು ಬಿಟ್ಟಿ ಮಾಡ್ಸೂದಿಲ್ಲ. ನಿಮ್ಮ ಕೈಲಿ ಮಾಡಿಸಿದ್ರೆ ಊರು ನಮ್ಮ ಮುಖಕ್ಕೆ ಉಗೀತದೆ."

"ಸಿಟ್ಟಾ ತಿಮ್ಮ? ದರದ್ದಾ? ನಾಳೆಯಿಂದ ಹಳೇ ದರಕ್ಕೆ ಕೊಡ್ತೆ. ಏಜೆಂಟ ಹಾಳಾಗಿ ಹೋಗ್ಲಿ. ಕೊಡ್ತೆ."

"ಸಿಟ್ಟು ಎಂತಕೆ ಒಡೆಯಾ? ಆ ಎಣ್ಣೆ ಮುಗೀತಲ, ಹೊಸ ಮಾಲು ಬಂತು ಅಂತ ಸುಬ್ಬಿ ಹೇಳಿದ್ಲು. ಈಗಿಂದು ನೀವು ಹೆಚ್ಚು ಕೊಟ್ಟೇ ತಂದದ್ದು. ಇದ್ರ ಮೇಲೆ ಹಳೇ ದರ ಕೇಳಿದ್ರೆ ಅನ್ಯಾಯ ನಮ್ದಾಗ್ತದೆ." ತಿಮ್ಮ ಅವನ ತೋಳು ಮುಟ್ಟಲು ಕೈ ಎತ್ತಿ, ಮುಟ್ಟದೆ ಇಳಿಸಿದ. "ಬಿಸಿಲಾತು. ದೋಣಿ ಅದೆ, ಹೋಗಿ."

ಹೌದು, ಹಳೆಯ ಎಣ್ಣೆ ಮುಗಿದಿತ್ತು. ತಿದ್ದಿಕೊಳ್ಳಲು ಇದ್ದ ದಿನಗಳಲ್ಲಿ ಅವನು ಹಾಡು ಗುನುಗುತ್ತ ಅದನ್ನೇ ಹೊಸ ದರಕ್ಕೆ ಅಳೆದು ಮುಗಿಸಿದ್ದ. ಸುಬ್ಬಿಯ ಕಡೆ ನೋಡಿದ. ಅವಳು ಹಗ್ಗಕ್ಕೆ ಮೈ ಕೊಟ್ಟು, ಹಿಮ್ಮಡಿ ಮರಳಲ್ಲಿ ಊರಿ, ಎಲ್ಲರ ಸಂಗಡ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಳು. ಹೊಸ ಸೊಸೆಗೆ ಲಕ್ಕಿ ಏನೋ ಅಣಕಿಸಿದಳು, ಹಗ್ಗವೆಲ್ಲ ನಕ್ಕಿತು. ವೆಂಕಟ್ರಮಣನಿಗೆ ಆ ಮಾತು ಕೇಳಿಸಲಿಲ್ಲ. ಏನೆಂದಳು ಎಂದು ಯಾರನ್ನಾದರೂ ಕೇಳಬೇಕೆನಿಸಿತು. ಒಡೆಯನಾದವನು ಅದನ್ನೆಲ್ಲ ಕೇಳುವಂತಿರಲಿಲ್ಲ.

ಮಧ್ಯಾಹ್ನ ದಾಸ ಬುಟ್ಟಿ ಹೊತ್ತು ಅವನ ಬಾಗಿಲಿಗೆ ಬಂದ. ಒಳಗೆ ಬಾ, ಒಂದು ಲೋಟ ಚಹಾ ಕುಡಿದು ಹೋಗು ಎಂದು ವೆಂಕಟ್ರಮಣ ಅವನನ್ನು ಅಂಗಲಾಚಿದ. ದಾಸ ಹೊಸ್ತಿಲಾಚೆಯೇ ನಿಂತು ಬುಟ್ಟಿ ಬರಿದು ಮಾಡಿ, ಕೈಮುಗಿದು, ದೋಣಿ ತಪ್ಪುತ್ತದೆಂದು ಹೊರಟುಹೋದ. ಹೊಳೆಯುವ ಬಂಗಡೆ, ಒಂದು ದೊಡ್ಡ ಸಂಸಾರಕ್ಕೆ ಸಾಕಾಗುವಷ್ಟು. ಮುಂದಿನ ಭಾನುವಾರವೂ ಬಂತು, ಅದರ ಮುಂದಿನ ಭಾನುವಾರವೂ ಬಂತು. ಅವನು ಹಾಕಿದ ಎಣ್ಣೆ ಉರಿದು ಮುಗಿದ ಎಷ್ಟೋ ದಿನಗಳ ಮೇಲೂ, ಮಳೆಗಾಲಕ್ಕೆ ಬಲೆ ದಡ ಹತ್ತುವ ಕೊನೆಯ ವಾರದವರೆಗೂ ಬಂತು. ಅವರು ಅವನಿಗೆ ಒಂದು ಮೀನನ್ನೂ ಕಡಿಮೆ ಕೊಡಲಿಲ್ಲ.