ಕೆಂಪು ಅಂಕಿಗಳ ಕಟ್ಟೆ

ಮಳೆಗಾಲ ಇಳಿಯುವ ಸೋಣ ತಿಂಗಳ ಬಿಸಿಲಿಗೆ ಒಂದು ವಿಚಿತ್ರವಾದ ಅಳುಕಿದೆ, ಸಹೃದಯರೇ! ಎರಡು ತಿಂಗಳು ಮುಗಿಲ ಮರೆಯಲ್ಲಿ ಅಜ್ಞಾತವಾಸ ಮುಗಿಸಿ ಬಂದ ಆ ಸುವರ್ಣಕಿರಣಗಳು ಕುಂಬಳೆಯ ಹಳೆಪೇಟೆಯ ಹೆಂಚುಗಳ ಮೇಲೆ ಒಮ್ಮೆ ಇಳಿದು, ಮರುಕ್ಷಣವೇ ಹಿಂಜರಿದು, ಹನಿಮಳೆಯೊಂದನ್ನು ಮುಂದೆ ಕಳಿಸಿ, ತಾವು ಮತ್ತೆ ಬರಬಹುದೇ ಎಂದು ಕೇಳುವವರಂತೆ ನಿಲ್ಲುತ್ತವೆ... ಹೆದ್ದಾರಿಯ ಗರ್ಜನೆ ಇಲ್ಲಿಗೆ ಮಂದ್ರವಾಗಿ ಮಾತ್ರ ಕೇಳಿಸುತ್ತದೆ. ಪೇಟೆಯ ನಡುವೆ, ಅಶ್ವತ್ಥದ ವಿಶಾಲ ಛಾಯಾಮಂಡಲದಲ್ಲಿ, ಕಗ್ಗಲ್ಲಿನ ಚಪ್ಪಡಿಗಳ ಹಳೆಯ ಕಟ್ಟೆ. ಅದರ ಮುಂದೆ ಎರಡು ಕಂಬಗಳ ಮೇಲೆ ಅಡ್ಡ ಮಲಗಿದ ಹೊರೆಕಲ್ಲು. ಅರಸೊತ್ತಿಗೆಯ ಕಾಲದಲ್ಲಿ ತಲೆಹೊರೆ ಹೊತ್ತು ಬಂದವರು ಭಾರವನ್ನು ಅದರ ಮೇಲೆ ಜಾರಿಸಿ, ನೀರು ಕುಡಿದು, ಮತ್ತೆ ತಲೆಯೊಡ್ಡಿ ಮುಂದೆ ನಡೆಯುತ್ತಿದ್ದರು. ಈಗ ಅದರ ಸುತ್ತ ಆಟೋರಿಕ್ಷಾಗಳು ನಿಲ್ಲುತ್ತವೆ, ಮಳೆನೀರೂ ನಿಲ್ಲುತ್ತದೆ.

ಆ ಕಟ್ಟೆಗೆ ಎದುರಾದ ಪುಟ್ಟ ವಾಚನಾಲಯದ ಕಿಟಕಿಯಲ್ಲಿ ಚಿತ್ರಾ ಕಲ್ಲಾಗಿ ನಿಂತಿದ್ದಳು. ನಲವತ್ತು ದಾಟಿದ, ಹದಿನೇಳು ವರ್ಷ ಈ ಪುಸ್ತಕಗಳ ಧೂಳು ಒರೆಸಿದ ಹೆಣ್ಣು. ಅವಳ ಕಣ್ಣಿಗೆ ಬಿದ್ದದ್ದು ಅಂಕಿಗಳು! ನಿನ್ನೆ ಸಂಜೆ ಇರಲಿಲ್ಲ. ಈ ಬೆಳಿಗ್ಗೆ ಕಟ್ಟೆಯ ಒಂದೊಂದು ಚಪ್ಪಡಿಯ ಮೇಲೂ ಕೆಂಪು ಬಣ್ಣದಲ್ಲಿ ಒಂದು, ಎರಡು, ಮೂರು... ಅರುವತ್ತಮೂರರವರೆಗೆ.

ಈ ಊರಿನವರಿಗೆ ಕೆಂಪು ಅಂಕಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೆದ್ದಾರಿ ಅಗಲವಾಗುವಾಗ ಮರಗಳಿಗೆ ಅಂಕಿ ಬಿತ್ತು, ಮರಗಳು ಹೋದವು. ಜಗಲಿಗಳಿಗೆ ಬಿತ್ತು, ಜಗಲಿಗಳು ಹೋದವು. ಚಿತ್ರಾಳ ಮನೆಯೆದುರಿನ ಹುಣಸೆಮರದ ಮೇಲೆ ಇನ್ನೂರ ಹದಿನಾಲ್ಕು ಎಂದು ಬರೆದಿದ್ದರು. ವಾರ ಕಳೆಯುವುದರೊಳಗೆ ಆ ಜಾಗದಲ್ಲಿ ಬರಿಯ ಆಕಾಶವಿತ್ತು.

ಮತ್ತೆ, ಈ ಅಂಕಿಗಳನ್ನು ಬರೆಸಿದವನು ಹರಿನಾಥ!

ಹದಿನೈದು ವರ್ಷ ದುಬಾಯಿಯಲ್ಲಿ ಕಟ್ಟಡ ಕಟ್ಟಿಸಿ ಊರಿಗೆ ಮರಳಿದ ಇಂಜಿನಿಯರ್. ಕಟ್ಟೆಯ ಸುತ್ತಲನ್ನು ಇಂದಿನ ಪೇಟೆಗೆ ಒಗ್ಗುವಂತೆ ಮರುರೂಪಿಸುವ ಹೊಣೆಯನ್ನು ಪಂಚಾಯತು ಅವನಿಗೆ ಒಪ್ಪಿಸಿತ್ತು. ಹಳೆಯ ಚಿತ್ರಗಳನ್ನು ಹುಡುಕುತ್ತ ಅವನು ವಾಚನಾಲಯದ ಮೆಟ್ಟಿಲು ಹತ್ತಿದ್ದು ಮೇ ತಿಂಗಳಲ್ಲಿ. ಹೊರೆಕಲ್ಲು ಯಾಕೆ ಅಷ್ಟು ಎತ್ತರ ಎಂದು ಕೇಳಿದ್ದ.

"ಒಬ್ಬನೇ ಬಂದವನಿಗೆ ಹೊರೆ ಇಳಿಸಿಕೊಡಲಿಕ್ಕೆ ಯಾರೂ ಇರುವುದಿಲ್ಲ ಅಲ್ವಾ?" ಎಂದಿದ್ದಳು ಚಿತ್ರಾ. "ತಲೆಯ ಮಟ್ಟಕ್ಕೆ ಇದ್ದರೆ ಅವನೇ ಇಳಿಸಬಹುದು, ಅವನೇ ಹೊರಬಹುದು."

ಆತ ಕಿಟಕಿಯತ್ತ ತಿರುಗಿ ಹೊರೆಕಲ್ಲನ್ನೇ ನೋಡಿದ. ಆ ನೋಟದಲ್ಲಿ ತನ್ನ ಏಕಾಂತದ ಪ್ರತಿಬಿಂಬವನ್ನು ಕಂಡಂತಾಗಿ ಅವಳ ಹೃದಯ ತುಂಬಿ ಬಂದಿತ್ತು... ಆಮೇಲೆ ದಿನವೂ ಮಾತು, ಕೊಡೆಯ ಅಡಿಯಲ್ಲಿ ಬಸ್ಸಿನವರೆಗೆ ನಡಿಗೆ. ಕಳೆದ ವಾರವಷ್ಟೇ ಅವನು ಹೇಳಿದ್ದ: "ಇನ್ನುಳಿದ ದಿನ ನಿಮ್ಮೊಟ್ಟಿಗೆ ಕಳೆಯಬೇಕು ಅಂತ ಉಂಟು, ಚಿತ್ರಾ. ಅವಸರ ಇಲ್ಲ. ಯೋಚಿಸಿ ಹೇಳಿ." ನಾಳೆ ಶುಕ್ರವಾರ ಒಪ್ಪಿಗೆ ಹೇಳುವುದೆಂದು ಅವಳು ನಿಶ್ಚಯಿಸಿಯೂ ಆಗಿತ್ತು.

ಆದರೆ ಸಂಶಯವೆಂಬುದು ಎಂಥ ನಿಪುಣ ಓದುಗ! ಒಂದು ಕೆಂಪು ಅಂಕಿ ಸಿಕ್ಕಿದ್ದೇ ತಡ, ನಾಲ್ಕು ತಿಂಗಳ ಸ್ನೇಹವನ್ನು ಮೊದಲ ಪುಟದಿಂದ ತಿರುವಿಹಾಕಲು ಅದು ಕುಳಿತುಬಿಟ್ಟಿತು. ಅವನು ಕೇಳಿದ್ದೆಲ್ಲ ಏನು? ಹತ್ತು ಗಂಟೆಗೆ ನೆರಳು ಎಲ್ಲಿ ಬೀಳುತ್ತದೆ? ಮೀನು ಮಾರುವ ಹೆಂಗಸರು ಎಲ್ಲಿ ದಣಿವಾರಿಸುತ್ತಾರೆ? ನಿಮ್ಮ ತಂದೆ ಪೇಪರ್ ಓದುತ್ತಿದ್ದುದು ಯಾವ ಮೂಲೆಯಲ್ಲಿ? ಅವಳು ಎದೆ ಬಿಚ್ಚಿ ಹೇಳುತ್ತ ಹೋಗಿದ್ದಳು. ಅವನು ನೀಲಿ ಡೈರಿಯಲ್ಲಿ ಬರೆದುಕೊಳ್ಳುತ್ತ ಹೋಗಿದ್ದ. ಅವಳ ಬಗ್ಗೆ ಅವನು ಕೇಳಿದ್ದೆಷ್ಟು? ಪ್ರೀತಿಸಿದ್ದು ತನ್ನನ್ನೋ, ತನಗೆ ಗೊತ್ತಿದ್ದ ಈ ಜಾಗವನ್ನೋ? ಅಯ್ಯೋ, ತಾನು ಕೇವಲ ಒಂದು ನಕ್ಷೆಯಾಗಿದ್ದೆನೇ!

ಕಟ್ಟೆಯ ತುದಿಯಲ್ಲಿ ಕೊಡೆ ರಿಪೇರಿ ಮಾಡುವ ಮುದುಕ ಕಿಟ್ಟಣ್ಣ ಉರಿಗೆ ತುಪ್ಪ ಸುರಿದ. "ನನ್ನ ಕಲ್ಲಿಗೆ ಹದಿನೆಂಟು ಬಿದ್ದಿದೆ ಚಿತ್ರಕ್ಕ. ದುಬಾಯಿಯಿಂದ ಬಂದವ ಎಂತ ಕಟ್ತಾನೆ ಹೇಳಿ? ಮಾಲ್ ಕಟ್ತಾನೆ. ನನ್ನ ಕೊಡೆಗೆ ಅಲ್ಲಿ ಜಾಗ ಉಂಟಾ?"

ಶುಕ್ರವಾರ ಹರಿನಾಥ ಬಂದಾಗ ಅವಳು ರಿಜಿಸ್ಟರಿನಿಂದ ತಲೆಯೆತ್ತಲಿಲ್ಲ. "ಕೆಲಸ ಉಂಟು, ಇಂಜಿನಿಯರರೇ," ಎಂದಳು. ಆ ಸಂಬೋಧನೆಗೆ ಅವನು ಬೆಚ್ಚಿದ್ದನ್ನು ಅವಳು ಕಂಡಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡಳು. ಅವನು ತಾನು ಒಯ್ದಿದ್ದ ಹಳೆಯ ಚಿತ್ರಗಳ ಕಟ್ಟನ್ನು ಮೇಜಿನ ಮೇಲಿಟ್ಟು ಹೊರಟುಹೋದ. ತನಗೆ ಬೇಕಾದದ್ದೆಲ್ಲ ಸಿಕ್ಕಿತು, ಅದಕ್ಕೇ ಹಿಂದಿರುಗಿಸಿದ ಎಂದಿತು ಸಂಶಯ.

ಆಕ್ಷೇಪದ ಅರ್ಜಿಯನ್ನು ಅವಳೇ ಬರೆದಳು, ಮೊದಲ ಸಹಿಯನ್ನೂ ಅವಳೇ ಹಾಕಿದಳು. ಭಾನುವಾರ, ಶಾಲೆಯ ಹಾಲಿನಲ್ಲಿ ಸೇರಿದ ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿದಳು. ಕೊನೆಯಲ್ಲಿ, ಅರ್ಜಿಯಲ್ಲಿಲ್ಲದ ಒಂದು ಮಾತು ಬಾಯಿಂದ ಹೊರಬಿತ್ತು:

"ಸ್ನೇಹದ ಹೆಸರಲ್ಲಿ ನಮ್ಮಿಂದಲೇ ಎಲ್ಲ ತಿಳಿದುಕೊಂಡು, ಈಗ ಅದನ್ನೇ ಅಳಿಸಲಿಕ್ಕೆ ಹೊರಟಿದ್ದಾರೆ. ಇಂಥವರನ್ನು ನಂಬಬಾರದು!"

ಮುಂದಿನ ಸಾಲಿನಲ್ಲಿದ್ದ ಹರಿನಾಥನ ಮುಖ ವಿವರ್ಣವಾಗಿತ್ತು. ಅವನು ಎದ್ದು ಒಂದು ದೊಡ್ಡ ಹಾಳೆಯನ್ನು ಗೋಡೆಗೆ ಹಚ್ಚಿದ. ಅದರಲ್ಲಿ ಕಟ್ಟೆಯ ಅರುವತ್ತಮೂರು ಚಪ್ಪಡಿಗಳೂ ಇದ್ದವು. ಪ್ರತಿಯೊಂದರ ಮೇಲೂ ಅದರದರ ಅಂಕಿ.

"ಅಡಿಯಲ್ಲಿ ನೀರು ಹೋಗಲಿಕ್ಕೆ ಪೈಪ್ ಹಾಕ್ಬೇಕು. ಆಟೋಗಳಿಗೆ ಆಚೆ ಬೇರೆ ಜಾಗ ಉಂಟು," ಎಂದ ಅವನು ಮೆಲ್ಲಗೆ. "ಕಲ್ಲು ಎಬ್ಬಿಸದೆ ಆಗುವುದಿಲ್ಲ. ಎಬ್ಬಿಸಿದ ಕಲ್ಲು ಪುನಃ ಅದರ ಜಾಗಕ್ಕೇ ಬರಬೇಕಲ್ಲ? ಅದಕ್ಕೆ ನಂಬರು. ನಾವು ಎಲ್ಲ ಕಡೆ ಹಾಗೆಯೇ ಮಾಡುವುದು. ಇಲ್ಲಿ ಕೆಂಪು ಬಣ್ಣ ಕಂಡ್ರೆ ಜನ ಹೆದರ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ. ರಸ್ತೆ ಅಗಲ ಮಾಡುವಾಗ ನಾನು ಊರಲ್ಲಿ ಇರ್ಲಿಲ್ಲ."

ಚಿತ್ರಾ ಹಾಳೆಯ ಬಳಿಗೆ ನಡೆದಳು. ಹದಿನೆಂಟನೆಯ ಕಲ್ಲಿನ ಪಕ್ಕ ಪುಟ್ಟ ಅಕ್ಷರಗಳಿದ್ದವು: ಕಿಟ್ಟಣ್ಣ, ಹತ್ತು ಗಂಟೆಯ ನೆರಳು. ನಲವತ್ತರ ಪಕ್ಕ: ಚಿತ್ರಾಳ ತಂದೆ, ಪೇಪರ್. ಆದರೂ ಸಂಶಯ ಕೊನೆಯ ಹಿಡಿತ ಬಿಡಲಿಲ್ಲ.

"ಹೊರೆಕಲ್ಲು?"

"ಅದನ್ನು ಮುಟ್ಟುವುದಿಲ್ಲ. ಅದರ ಮೇಲೆ ನಂಬರು ಉಂಟಾ? ದಿನಾ ಕಿಟಕಿಯಿಂದ ನೋಡ್ತೀರಲ್ಲ."

ಇರಲಿಲ್ಲ! ಮೂರು ದಿನ ಎವೆಯಿಕ್ಕದೆ ನೋಡಿದ ಅವಳ ಕಣ್ಣುಗಳು, ಅರುವತ್ತಮೂರು ಅಂಕಿಗಳನ್ನು ಎಣಿಸಿದ ಆ ಕಣ್ಣುಗಳು, ಎಲ್ಲಕ್ಕಿಂತ ಮುಂದೆ ನಿಂತ ಆ ನಿರಂಕಿತ ಶಿಲೆಯನ್ನು ಕಂಡಿರಲೇ ಇಲ್ಲ.

"ಒಂದು ಮಾತು ಕೇಳಬಹುದಿತ್ತು, ಚಿತ್ರಾ," ಎಂದು ಅವಳಿಗೆ ಮಾತ್ರ ಕೇಳುವಂತೆ ನುಡಿದು, ಅವನು ಹಾಳೆಯನ್ನು ಅಲ್ಲೇ ಬಿಟ್ಟು ಹೊರಗೆ ನಡೆದ.

ಅರ್ಜಿಯನ್ನು ಹಿಂದಕ್ಕೆ ಪಡೆಯುವುದು ಸುಲಭವಾಗಿತ್ತು. ಆ ಒಂದು ವಾಕ್ಯವನ್ನು ಹಿಂದಕ್ಕೆ ಪಡೆಯುವುದು ಹೇಗೆ? ಚಳಿಗಾಲವಿಡೀ ಕೆಲಸ ನಡೆಯಿತು. ಅವನು ವಾಚನಾಲಯದ ಮುಂದೆ ಹಾದುಹೋಗುವಾಗ ತಲೆಬಾಗಿ ನಮಸ್ಕರಿಸುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಕಾರಣ ತನ್ನದೇ ಎಂದು ತಿಳಿದಿದ್ದರೂ ಅವಳ ಮನಸ್ಸು ಆ ನಮಸ್ಕಾರದಲ್ಲೂ ಅರ್ಥ ಹುಡುಕುತ್ತಿತ್ತು. ಇದು ಕೋಪವೋ, ತಾತ್ಸಾರವೋ? ಈ ಬಾರಿ ಮಾತ್ರ ಅವಳಿಗೆ ಒಂದು ಬುದ್ಧಿ ಬಂದಿತ್ತು. ಊಹಿಸಿ ಸೋತದ್ದು ಸಾಕು, ಕೇಳಿಯೇ ಬಿಡಬೇಕು.

ಬೇಸಗೆಯ ಕೊನೆಯಲ್ಲಿ, ಸಮುದ್ರದ ಕಡೆ ಮೊದಲ ಮುಗಿಲು ಕಾಣಿಸಿದ ಬೆಳಿಗ್ಗೆ, ಚಿತ್ರಾ ಬಾಲ್ದಿ ನೀರು, ತೆಂಗಿನ ನಾರು ಹಿಡಿದು ಕಟ್ಟೆ ಹತ್ತಿದಳು. ಕಲ್ಲುಗಳೆಲ್ಲ ಮರಳಿ ಬಂದಿದ್ದವು. ಹದಿನೆಂಟರ ಮೇಲೆ ಕೂತ ಕಿಟ್ಟಣ್ಣ ಕೊಡೆಯ ಕಡ್ಡಿ ನೇರ ಮಾಡುತ್ತ, "ಮಾಲ್‌ಗಿಂತ ಇದೇ ಒಳ್ಳೆದಾಯ್ತು," ಎಂದ, ಮಾಲ್ ತಪ್ಪಿಸಿದ್ದು ತಾನೇ ಎಂಬ ಗತ್ತಿನಲ್ಲಿ! ಅವಳು ಒಂದನೆಯ ಕಲ್ಲಿನಿಂದ ಕೆಂಪು ಬಣ್ಣ ಉಜ್ಜತೊಡಗಿದಳು. ಎಷ್ಟೋ ಹೊತ್ತಿನ ಬಳಿಕ ತಲೆಯೆತ್ತಿದಾಗ ಹರಿನಾಥ ಹೊರೆಕಲ್ಲಿಗೆ ಒರಗಿ ನಿಂತಿದ್ದ.

"ನಿಮಗೆ ನನ್ನ ಮೇಲೆ ಇನ್ನೂ ಕೋಪ ಉಂಟಾ?" ಎಂದಳು ಅವಳು, ಕೈಯಲ್ಲಿ ನಾರು ಹಿಡಿದೇ.

"ಬೇಜಾರ ಇತ್ತು," ಎಂದ ಅವನು. "ಈಗ ನೀವು ಕೇಳಿದಿರಲ್ಲ... ಇದೆಂತ, ಅಳಿಸುವುದಾ, ಎಣಿಸುವುದಾ?"

"ಎರಡೂ. ಒಂದಾದ್ರೂ ಕಲ್ಲು ಆಚೀಚೆ ಆಗಿದೆಯಾ ನೋಡ್ಬೇಕಲ್ಲ." ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಆ ಶುಕ್ರವಾರ ಹೇಳಬೇಕಾದ ಉತ್ತರ, ಅರುವತ್ತಮೂರು ಆದ ಮೇಲೆ ಹೇಳ್ತೇನೆ."

"ಎಣಿಸಿ. ನಾನು ಕೂತಿರ್ತೇನೆ."

ಸಂಶಯದ ಲೇಶವೂ ಇಲ್ಲದ ಅನುರಾಗ ದೇವತೆಗಳಿಗೆ ಸಲ್ಲಬಹುದೇನೋ, ಸಹೃದಯರೇ! ಕಳೆದುಕೊಂಡು ಕಳೆದುಕೊಂಡು ಬಾಳಿದ ಮರ್ತ್ಯರ ಎದೆ ಪ್ರೀತಿಯೆದುರಿಗೂ ಒಮ್ಮೆ ಎಣಿಸಿ ನೋಡದೆ ಇರಲಾರದು. ಅದು ಎಣಿಸಿ ಮುಗಿಸುವವರೆಗೆ ಎದ್ದುಹೋಗದೆ ಕೂತಿರುವ ಒಂದು ಜೀವ ಸಿಕ್ಕಿದರೆ, ಒಬ್ಬಂಟಿಯಾಗಿ ಹೊತ್ತ ಹೊರೆಯನ್ನು ಇಳಿಸಲು ಅದಕ್ಕಿಂತ ದೊಡ್ಡ ಆಸರೆ ಯಾವುದು? ಮುಗಿಲು ಮೆಲ್ಲನೆ ಮೇಲೇರುತ್ತಿತ್ತು. ಹರಿನಾಥ ಕಟ್ಟೆಯ ಮೇಲೆ ಕೂತ. ಚಿತ್ರಾ ಇಪ್ಪತ್ತೇಳನೆಯ ಕಲ್ಲಿಗೆ ನೀರು ಹೊಯ್ದಳು.