ಗಿರಣಿಯ ಮೇಲಿನ ಮನೆ

ಬಾಚಣಿಗೆ ಮತ್ತೆ ಸಿಕ್ಕಿಕೊಂಡಿತು. ಗಿರಣಿಯಣ್ಣ ಅದನ್ನು ಬಿಡಿಸಿ, ತೊಡೆಗೆ ಒರೆಸಿ, ಹೆಂಡತಿಯ ತಲೆಗೂದಲಿಗೆ ಇನ್ನೊಮ್ಮೆ ಹಾಕಿದ. ಶಾಲೆಯ ಜಗಲಿಯ ಮೇಲೆ, ಯಾರದೋ ಮನೆಯ ಬಾಗಿಲನ್ನೇ ಮಂಚ ಮಾಡಿ ಅವಳನ್ನು ಮಲಗಿಸಿದ್ದರು. ಮೈ ತೊಳೆದಾಗಿತ್ತು, ಬೇರೆ ಬಟ್ಟೆ ಉಡಿಸಿಯೂ ಆಗಿತ್ತು. ಕೂದಲಿನ ಧೂಳು ಮಾತ್ರ ಜಪ್ಪಯ್ಯ ಅಂದರೂ ಬಿಡಲೊಲ್ಲದು.

"ಸಾಕು ಬಿಡಿ ಭಾವ," ಎಂದಳು ನಾದಿನಿ, ಸತ್ತವಳ ತಂಗಿ. "ಗಾಡಿ ಬಂದು ನಿಂತಿದೆ. ಇನ್ನೂ ಎಷ್ಟೋ ಮನೆಯವರು ಕಾಯ್ತಿದಾರೆ."

"ಹಿಟ್ಟಾಗಿದ್ರೆ ಒಂದೇ ಸಲಕ್ಕೆ ಉದುರೋದು. ಇದು ಗಾರೆ ಧೂಳು, ಅಂಟ್ಕೊಂಡ್ಬಿಟ್ಟಿದೆ."

ಹಿಟ್ಟಿನ ವಿಷಯ ಅವನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಹುಬ್ಬಿನ ಮೇಲೆ ಹಿಟ್ಟಿಲ್ಲದೆ ಅವನನ್ನು ಬೀದಿಯವರು ಕಂಡದ್ದೇ ಕಡಿಮೆ. ನೆಲ ನಡುಗಿದ ಬೆಳಿಗ್ಗೆ ಬೀದಿಗೆ ಬೀದಿಯೇ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ನಿಂತಿತ್ತು, ಎಲ್ಲರೂ ಗಿರಣಿಯಿಂದಲೇ ಎದ್ದು ಬಂದವರ ಹಾಗೆ. ಅವನೊಬ್ಬ ಮಾತ್ರ ಶುಭ್ರವಾಗಿದ್ದ. ಕರೆಂಟ್ ಹೋಗಿತ್ತೆಂದು ಗಿರಣಿಗೆ ಬೀಗ ಹಾಕಿ, ಬೀದಿಯ ಕೊನೆಯ ಚಹದಂಗಡಿಗೆ ಹೋಗಿದ್ದವನು ಅವನು.

ಮಗ ಲಾರಿಯ ಮೇಲೆ ಹೋದವನು ಇನ್ನೂ ಬಂದಿರಲಿಲ್ಲ. ಸೇತುವೆ ಬಿದ್ದಿತ್ತು. ತಾನು ಬರುವ ತನಕ ಇಟ್ಟುಕೊಳ್ಳಬೇಡಿ, ಅಮ್ಮನನ್ನು ಮಣ್ಣು ಮಾಡಿಬಿಡಿ ಎಂದು ಯಾರದೋ ಫೋನಿನಲ್ಲಿ ಹೇಳಿ ಕಳಿಸಿದ್ದ. ಸೊಸೆ ಕಂಬಕ್ಕೆ ಒರಗಿ ಕೂತಿದ್ದಳು. ಮದುವೆಯಾಗಿ ಬಂದು ಇನ್ನೂ ಎರಡು ತಿಂಗಳು ತುಂಬದ ಹುಡುಗಿ. ಆ ಮನೆಯಿಂದ ಜೀವಸಹಿತ ಹೊರಬಂದವಳು ಅವಳೊಬ್ಬಳೇ. ಬಂದಾಗಿನಿಂದ ಬಾಯಿಗೆ ಬೀಗ. ಕೇಳಿದರೆ, ಅತ್ತೆ ಮಲಗಿದ್ದರು, ನನಗೇನೂ ಗೊತ್ತಿಲ್ಲ ಅನ್ನುವಳು. ಕಣ್ಣು ಮಾತ್ರ ನೆಲ ಬಿಟ್ಟು ಮೇಲೇಳದು.

ಜಗಲಿಯ ಕೆಳಗೆ ಗಂಡಸರು ಗುಂಪುಗಟ್ಟಿ ಮಾತಾಡುತ್ತಿದ್ದರು. ರೇಡಿಯೋದವರು ಹೇಳಿದ್ದನ್ನು ದರ್ಜಿ ಉಳಿದವರಿಗೆ ತಿಳಿಸುತ್ತಿದ್ದ. ನೆಲದಡಿ ಎಷ್ಟೋ ಆಳದಲ್ಲಿ ಎರಡು ದೊಡ್ಡ ಬಂಡೆಹಾಸುಗಳು ನೂರಾರು ವರ್ಷದಿಂದ ಒಂದಕ್ಕೊಂದು ಒತ್ತಿಕೊಂಡೇ ಇದ್ದವಂತೆ, ತಡೆಯಲಾರದೆ ಮೊನ್ನೆ ಜಾರಿದವಂತೆ.

"ನೂರಾರು ವರ್ಷ ತಡ್ಕೊಂಡಿದ್ವಲ್ಲ," ಎಂದ ಚಹದಂಗಡಿಯವನು. "ನಾನು ಚಹ ಸೋಸಿ ಮುಗಿಸೋವರೆಗೆ ತಡ್ಕೊಳ್ಳೋಕೆ ಏನಾಗಿತ್ತು."

ಒಬ್ಬಿಬ್ಬರು ನಕ್ಕರು. ನಕ್ಕದ್ದು ತಮ್ಮ ಕಿವಿಗೇ ಬಿದ್ದು ಸುಮ್ಮನಾದರು.

ಆಮೇಲೆ ಮಾತು ಹೊರಳಿದ್ದು ಗಿರಣಿಯಣ್ಣ ಎರಡು ದಿನದಿಂದ ಅವರಿವರ ಬಾಯಲ್ಲಿ ಕೇಳುತ್ತಲೇ ಇದ್ದ ಪ್ರಶ್ನೆಯ ಕಡೆಗೆ. ಅವಳು ಯಾಕೆ ಓಡಲಿಲ್ಲ? ನೆಲ ಮೊದಲು ಸಣ್ಣಗೆ ಗುಂಯ್‌ಗುಟ್ಟಿತ್ತು, ದೊಡ್ಡದು ಬಂದದ್ದು ಒಂದು ಉಸಿರು ಬಿಟ್ಟು. ಅಷ್ಟರಲ್ಲಿ ಎದುರು ಸಾಲಿನ ಕುಂಟಜ್ಜನೂ ಬೀದಿಗೆ ಬಂದಿದ್ದ. ಇವಳಿಗೆ ಕಾಲು ಗಟ್ಟಿಯಿತ್ತು, ಮೆಟ್ಟಿಲು ಬಾಗಿಲಿಗೇ ಹತ್ತಿಕೊಂಡಿತ್ತು. ಒಡವೆ ತರಲು ಒಳಗೆ ಹೋಗಿರಬೇಕೆಂದು ಒಬ್ಬ, ಗಾಬರಿಗೆ ಕೈಕಾಲು ಆಡದೆ ಹೋಗಿರಬೇಕೆಂದು ಇನ್ನೊಬ್ಬ. ಗಿರಣಿಯಣ್ಣ ಬಾಚುತ್ತಲೇ ಇದ್ದ. ಉತ್ತರ ಅವನಿಗೆ ಆಗಲೇ ಗೊತ್ತಿತ್ತು. ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳುವ ತನಕ ಇವಳನ್ನು ಮಣ್ಣಿಗೆ ಹೇಗೆ ಇಳಿಸಲಿ ಅನ್ನುವುದೊಂದೇ ಅವನ ಚಿಂತೆ.

*

ಹೆಂಡತಿ ಈ ಮನೆಗೆ ಹೊಸದಾಗಿ ಬಂದಾಗ ಓಡಿದ್ದಳು. ಮದುವೆಯ ಮಾರನೆಯ ಬೆಳಿಗ್ಗೆ ಅವನು ಕೆಳಗೆ, ಹೆಗಲೆತ್ತರದ ಹಿಡಿಯನ್ನು ಮೇಲಕ್ಕೆ ತಳ್ಳಿ ಗಿರಣಿ ಶುರು ಮಾಡಿದ; ನಿಲ್ಲಿಸಲು ಅದನ್ನೇ ಕೆಳಗೆ ಎಳೆಯಬೇಕು. ಮೇಲೆ ಗೋಡೆ ಗದಗದ ಅಂದಿತು, ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ಹಲ್ಲು ಕಡಿದವು. ಅರ್ಧ ಹೆಣೆದ ಜಡೆ ಹಿಡಿದುಕೊಂಡೇ ಅವಳು ಬೀದಿಗೆ ಬಂದು ನಿಂತಳು. ಹಿಟ್ಟಿಗೆ ಬಂದಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಮಾನಕ್ಕೆ ಅವಳು ಮಧ್ಯಾಹ್ನ ಊಟ ಬಿಟ್ಟಳು.

ಸಂಜೆ ಅವನು ಗಿರಣಿಯನ್ನು ತಮ್ಮನ ಕೈಗೆ ಬಿಟ್ಟು ಮೇಲೆ ಹೋದ. ಅವಳ ಅಂಗೈ ಹಿಡಿದು, ನಡುಗುವ ಗೋಡೆಗೆ ಒತ್ತಿದ.

"ನೋಡು, ಬೆಕ್ಕಿನ ಬೆನ್ನಿನ ಹಾಗಿಲ್ವಾ? ಮನೆ ಅಲುಗ್ತಾ ಇದೆ ಅಂದ್ರೆ ನಾನು ಕೆಳಗೇ ಇದೀನಿ ಅಂತ. ಅದು ನಿಂತ ದಿನ ಹೆದರ್ಕೋ."

ಅಲ್ಲಿಂದ ಮುಂದೆ ಅವಳು ಓಡಲಿಲ್ಲ. ಅಲುಗಾಟದಲ್ಲೇ ಅಡುಗೆ ಮಾಡಿದಳು, ಅಲುಗಾಟದಲ್ಲೇ ಮಗನನ್ನು ತೂಗಿದಳು. ತೊಟ್ಟಿಲಿಗೆ ಬೇರೆ ಕೈ ಬೇಕಾಗಲಿಲ್ಲ ಎಂದು ಬೀದಿಯವರು ಆಡಿಕೊಂಡರು. ಗಿರಣಿ ನಿಂತಿದ್ದ ರಜೆಯ ದಿನಗಳಲ್ಲಿ ಮಾತ್ರ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

*

ಅವಳನ್ನು ಮಲಗಿಸಿದ್ದ ಬಾಗಿಲನ್ನು ಗಾಡಿಗೆ ಎತ್ತುವಾಗ ಒಂದು ಮೂಲೆಗೆ ಗಾರೆಕೆಲಸದವನು ಹೆಗಲು ಕೊಟ್ಟ. ಇವರ ಮನೆಯ ಮೇಲೆ ಇನ್ನೊಂದು ಮಹಡಿ ಏರಿಸಿದವನು ಅವನೇ, ಹೋದ ವರ್ಷ, ಮಗನ ಮದುವೆಗೆಂದು. ಗಾಡಿಯ ಹಿಂದೆ ನಡೆಯುತ್ತ ಅವನು ಗಿರಣಿಯಣ್ಣನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳುತ್ತ ಹೋದ. ನಮ್ಮ ಸಾಲು ಹಿಂದೆ ಕೆರೆಯಾಗಿತ್ತಂತೆ, ಕಸ ತುಂಬಿ ಮುಚ್ಚಿದ್ದಂತೆ. ಎದುರು ಸಾಲು ಗಟ್ಟಿ ನೆಲ, ಅಲ್ಲಿ ಗೋಡೆ ಬಿರಿದವು ಅಷ್ಟೆ. ನಮ್ಮ ಕಡೆ ನೆಲ ಗಡಿಗೆಯಲ್ಲಿನ ಮೊಸರಿನ ಹಾಗೆ ಕುಲುಕಾಡಿತು.

"ಆ ಮಹಡಿ ನಾನು ಏರಿಸಬಾರದಿತ್ತು ಅಣ್ಣ."

"ನೀನು ಬೇಡ ಅಂದಿದ್ದೆ," ಎಂದ ಗಿರಣಿಯಣ್ಣ. "ನಾನೇ ಅಲ್ವಾ ಹೇಳಿದ್ದು, ಇಷ್ಟು ವರ್ಷ ಗಿರಣಿ ತಡ್ಕೊಂಡಿರೋ ಮನೆ, ಇನ್ನು ಯಾವುದಕ್ಕೆ ಬೀಳುತ್ತೆ ಅಂತ."

ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ದಿನಾ ಅಲುಗಿ ಅಲುಗಿ ಸಡಿಲವಾಗುತ್ತಿದ್ದ ಗಾರೆಯನ್ನೇ ಅವನು ಗಟ್ಟಿತನ ಎಂದುಕೊಂಡಿದ್ದ. ಈಗ ಅದು ಗೊತ್ತಾಗಿ ಯಾರಿಗೆ ಏನು.

ಊರಾಚೆಯ ಬಯಲಲ್ಲಿ ಯಂತ್ರ ಉದ್ದಕ್ಕೂ ಗುಂಡಿ ತೋಡಿಕೊಂಡು ಹೋಗುತ್ತಿತ್ತು. ಒಂದೊಂದು ಗುಂಡಿಯ ಬಳಿಯೂ ಒಂದೊಂದು ಗುಂಪು. ಯಾರೂ ಗಟ್ಟಿಯಾಗಿ ಅಳುತ್ತಿರಲಿಲ್ಲ. ಪಕ್ಕದ ಗುಂಡಿಯವರು ಸನಿಕೆ ಕೇಳಿ ಇಸಿದುಕೊಂಡರು, ಉಪ್ಪು ಇಸಿದುಕೊಂಡ ಹಾಗೆ. ಇವರು ತಮ್ಮ ಸರದಿಗಾಗಿ ಪಾಳುಗೋಡೆಯೊಂದರ ನೆರಳಿನಲ್ಲಿ ನಿಂತರು.

ಗಿರಣಿಯಣ್ಣ ಸೊಸೆಯ ಪಕ್ಕಕ್ಕೆ ಹೋಗಿ ಕುಕ್ಕರುಗಾಲಿನಲ್ಲಿ ಕೂತ.

"ಮಗಳೇ, ಅವಳು ಮಲಗಿರಲಿಲ್ಲ. ಬೆಳಕು ಹರಿದ ಮೇಲೆ ಮಲಗೋ ಹೆಂಗಸಲ್ಲ ಅವಳು."

ಸೊಸೆ ಪಕ್ಕಕ್ಕೆ ಸರಿದು ಕೂತಳು.

"ನನಗೆ ಹೇಳು. ನಾನು ಏನೂ ಅನ್ನಲ್ಲ. ಇಳಿಸಿಬಿಟ್ಟ ಮೇಲೆ ನಾನು ಕೇಳಲ್ಲ, ನೀನೂ ಹೇಳಲ್ಲ. ಒಂದೇ ಮನೇಲಿ ಇಬ್ಬರೂ ಹಾಗೇ ಇದ್ದುಬಿಡ್ತೀವಿ."

ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ, ಪಾಠ ಒಪ್ಪಿಸುವವಳ ಹಾಗೆ, ನೆಲ ನೋಡುತ್ತಲೇ ಹೇಳಿದಳು.

"ಹಾಲು ಕಾಯಿಸ್ತಾ ಇದ್ರು. ಅಲುಗಿತು. ನಾನು ಬಾಗಿಲಿಗೆ ಓಡಿದೆ. ನನಗಿನ್ನೂ ಅಭ್ಯಾಸ ಆಗಿರಲಿಲ್ಲ ಮಾವ, ಗಿರಣಿ ಶುರುವಾದಾಗೆಲ್ಲ ನಾನು ಓಡೋದು, ಅವರು ಆಡ್ಕೊಳ್ಳೋದು. ಆವತ್ತೂ ಹಾಗೇ ಅಂದ್ರು. ಅಯ್ಯೋ ಹುಚ್ಚಿ, ಕರೆಂಟ್ ಬಂತು ಕಣೇ, ನಿಮ್ಮ ಮಾವ ಗಿರಣಿ ಹಾಕಿದಾರೆ ಅಂದ್ರು."

"ಆಮೇಲೆ?"

"ಪಾತ್ರೆ ಬೀಳದ ಹಾಗೆ ಎರಡೂ ಕೈಲಿ ಹಿಡ್ಕೊಂಡ್ರು. ನಾನು ಮೆಟ್ಟಿಲಿಳಿಯೋವಾಗಲೂ ನಗ್ತಾ ಇದ್ರು."

"ನಗ್ತಾ ಇದ್ಲಾ?"

"ಹೂಂ."

ಅವನು ತಲೆಯಾಡಿಸಿದ, ಹಿಟ್ಟು ನುಣ್ಣಗಾಯಿತೇ ಎಂದು ಕೇಳಿದ ಗಿರಾಕಿಗೆ ಆಡಿಸುವ ಹಾಗೆ. ಸೊಸೆಯ ತಲೆಯ ಮೇಲೊಮ್ಮೆ ಕೈಯಿಟ್ಟು, ಎದ್ದು, ಇನ್ನು ಇಳಿಸೋಣ ಎಂದ.

ಇಳಿಸಿದರು. ಮೊದಲ ಮಣ್ಣು ಅವನೇ ಹಾಕಿದ. ಉಳಿದವರು ಹಾಕಿ ಮುಗಿಸುವಷ್ಟರಲ್ಲಿ ಅಡಿಯಿಂದ ಮತ್ತೆ ಗುಂಯ್ ಅನ್ನುವ ಸದ್ದು ಎದ್ದಿತು. ಬಯಲು ಅಲುಗಿತು. ಪಾಳುಗೋಡೆಯಿಂದ ಕಲ್ಲುಗಳು ಉರುಳಿದವು. ಸನಿಕೆಗಳನ್ನು ಬಿಸಾಡಿ ಜನ ದಿಕ್ಕಾಪಾಲಾಗಿ ಓಡಿದರು. ಗಾರೆಯವನು ಸೊಸೆಯ ರಟ್ಟೆ ಹಿಡಿದು ಬಯಲಿನ ನಡುವಿಗೆ ಎಳೆದುಕೊಂಡು ಹೋದ. ನಾದಿನಿ ದೂರದಿಂದ, ಭಾವ, ಗೋಡೆ, ಗೋಡೆ ಎಂದು ಕೂಗುತ್ತಿದ್ದಳು.

ಗಿರಣಿಯಣ್ಣ ನಿಂತಲ್ಲೇ ನಿಂತಿದ್ದ. ಅವನ ಬಲಗೈ ಮಾತ್ರ ಹೆಗಲಿನ ಎತ್ತರಕ್ಕೆ ಎದ್ದು, ಗಾಳಿಯಲ್ಲಿ ತಡಕಾಡಿ, ಅಲ್ಲಿಲ್ಲದ ಹಿಡಿಯೊಂದನ್ನು ಸಿಕ್ಕಿಸಿಕೊಂಡು ಕೆಳಗೆ ಎಳೆಯಿತು. ಅಲುಗಾಟ ನಿಲ್ಲಲಿಲ್ಲ. ಅವನು ಇನ್ನೊಮ್ಮೆ ಎಳೆದ.