ಹಾರವಾಡದ ಕೆಮ್ಮಣ್ಣಿನ ದಾರಿಯ ಜಟ್ಟು ಹರಿಕಂತ್ರ

ಹೆದ್ದಾರಿಯಿಂದ ಹಾರವಾಡದ ಕೆಮ್ಮಣ್ಣಿನ ದಾರಿಗೆ ಇಳಿಯುವಾಗ ಜಟ್ಟು ಹರಿಕಂತ್ರರು ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಇದೇನು ಭಕ್ತಿಯೇ ಎಂದು ನಾನು ಕೇಳಿದ್ದಕ್ಕೆ, "ಭಕ್ತಿ ಎಂತದ್ರಾ ಅಕ್ಕೋರೆ, ಕಾಲಿಗೆ ಹಿತ ಆತದೆ" ಎಂದಿದ್ದರು. ಎರಡು ದೋಣಿಗಳ ಯಜಮಾನ, ಮೀನು ಸಾಗಿಸಲು ಸ್ವಂತ ಟೆಂಪೊ ಇದ್ದವರು; ಲುಂಗಿಯ ಮೇಲೆ ಕಪ್ಪು ಕೋಟು ತೊಟ್ಟು, ಎಡಕ್ಕೂ ಬಲಕ್ಕೂ ವಾಲುತ್ತ ನಡೆಯುತ್ತಿದ್ದ ಈ ಮನುಷ್ಯನನ್ನು ಊರು ಪ್ರಗತಿಯ ವೈರಿ ಎಂದು ಕರೆಯಿತು. ಕಾರವಾರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದ ನಾನು ಅಷ್ಟು ಅಗ್ಗದ ಬೈಗುಳವನ್ನು ಬೇರೆ ಕೇಳಿಲ್ಲ.

ನಾನು ಅಲ್ಲಿಗೆ ಹೋಗುತ್ತಿದ್ದುದು ದಾರಿಯ ಎರಡೂ ಬದಿಯ ಸುರಗಿ ಮರಗಳಿಗಾಗಿ. ಅವುಗಳ ನೆರಳಿನಲ್ಲೇ ಊರವರು ದೋಣಿ ಕಟ್ಟಿ, ಎಣ್ಣೆ ಸವರಿದ ದಿಮ್ಮಿಗಳ ಮೇಲೆ ಜಾರಿಸುತ್ತ ಕಡಲಿಗೆ ಒಯ್ಯುತ್ತಿದ್ದರು. ದೀಪಾವಳಿ ಕಳೆದೊಡನೆ ಮನೆಗೊಬ್ಬರಂತೆ ಕೆಂಪು ಜಲ್ಲಿಯ ಬುಟ್ಟಿ ಹೊತ್ತು ಬಂದು, ಮಳೆಗಾಲದ ಕೊರಕಲು ತುಂಬಿ, ಗಟಾರ ಬಿಡಿಸಿ, ದಾರಿಯನ್ನು ಬಡಿದು ಗಟ್ಟಿ ಮಾಡುವುದು ಅಲ್ಲಿಯ ರೂಢಿ. ಆ ದಿನ ಎಲ್ಲರಿಗೂ ಬಂಗಡೆ ಸಾರು ಜಟ್ಟು ಅವರ ಮನೆಯದು.

ಎರಡು ಸಾವಿರದ ಆರರಲ್ಲಿ ಡಾಂಬರು ಮಂಜೂರಾಯಿತು. ಹೇಗೂ ಡಾಂಬರು ಬರುತ್ತದಲ್ಲ ಎಂದು ಆ ವರ್ಷದಿಂದಲೇ ಬುಟ್ಟಿಗಳು ನಿಂತವು. ಎರಡು ಮಳೆಗಾಲದಲ್ಲಿ ದಾರಿ ಕೊರೆದುಹೋಯಿತು. ಆಮೇಲೆ ಅದೇ ಕೊರಕಲುಗಳನ್ನು ತೋರಿಸಿ, ಮಣ್ಣಿನ ದಾರಿಯ ಹಣೆಬರಹವೇ ಇಷ್ಟು ಎಂದರು! ತಾವೇ ಹಾಳುಗೆಡವಿ, ಹಾಳಾಯಿತೆಂದು ದೂರುವ ಈ ಜಾಣತನಕ್ಕೆ ಗ್ರಾಮಸಭೆಯಲ್ಲಿ ಚಪ್ಪಾಳೆಯೂ ಬಿತ್ತು.

ಡಾಂಬರಿಗಾಗಿ ದಾರಿ ಅಗಲಿಸಿ ಮರ ಕಡಿಯುವ ಠರಾವಿನ ಆ ಸಭೆಯಲ್ಲಿ ನಾನೂ ಇದ್ದೆ. ಜಟ್ಟು ಕೇಳಿದ್ದು ಇಷ್ಟೇ: ಜಲ್ಲಿ ಹಾಕಿ, ಗಟಾರ ತೋಡಿ, ಮರ ಮುಟ್ಟಬೇಡಿ. ಅವರ ತಮ್ಮನ ಸೊಸೆ, ತುಂಬು ಬಸುರಿ ಬೀರಿ ಎದ್ದು ನಿಂತಳು.

"ಮಾವ, ಮನೆ ಬಾಗ್ಲಿಗೆ ರಿಕ್ಷಾ ಬತ್ತಿಲ್ಲ. ನಿನ್ನ ಸುರಗಿ ಹೂ ಮೂಸ್ಕಂಡೇ ಹೆರುಕೆ ಆತದಾ?"

ಸಭೆ ನಕ್ಕಿತು. ಜಟ್ಟುವೂ ನಕ್ಕರು.

"ಮೊದಲ್ನೇ ಹೆರಿಗೆಗೆ ನೀನು ಇದೇ ದಾರಿ ಮೇಲೆ ರಿಕ್ಷಾದಲ್ಲೇ ಹೋದದ್ದಲ್ವೇ, ಬೀರಿ? ಆಗ ನಿನ್ನ ಗಂಡ ಬುಟ್ಟಿ ಹೊರ್ತಿದ್ದ. ಈಗ ಜಗಲಿ ಮೇಲೆ ಬಿದ್ಕಂಡವ್ನೆ."

ನಗು ನಿಂತಿತು, ಠರಾವು ನಿಲ್ಲಲಿಲ್ಲ. ಮಣ್ಣಿನ ಸವಕಳಿಯ ಬಗ್ಗೆ ನಾನಾಡಿದ ಮಾತನ್ನು ವಿನಯದಿಂದ ಕೇಳಿ ನನಗೆ ಚಹಾ ಕೊಟ್ಟರು.

ಮರಗಳು ಉರುಳಿದವು, ಡಾಂಬರು ಬಿತ್ತು. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಲು ಊರು ಆರಿಸಿದ್ದು ಯಾರನ್ನು? ಜಟ್ಟುವನ್ನು! "ಈ ರಸ್ತೆಗಾಗಿ ಜೀವಮಾನವೆಲ್ಲ ದುಡಿದ ಹಿರಿಯರು" ಎಂದು ಮೈಕಿನಲ್ಲಿ ಸಾರಿದರು. ಅದರಲ್ಲಿ ಕುಹಕವಿದ್ದಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಏನೋ. ಇರಲಿಲ್ಲ, ಅವರು ಮನಸಾರೆ ಗೌರವಿಸುತ್ತಿದ್ದರು. ಜಟ್ಟು ಕತ್ತರಿ ಕೈಗೆ ತೆಗೆದುಕೊಂಡು ಬೋಳಾದ ಎರಡೂ ಬದಿ ನೋಡಿದರು.

"ಕಡಿಯುಕೆ ಇನ್ನೂ ಎಂತದ್ರಾ ಉಳ್ದದೆ?"

ಕತ್ತರಿಯನ್ನು ಕೋಟಿನ ಜೇಬಿಗೆ ಇಳಿಸಿ, ರಿಬ್ಬನ್ನಿನ ಕೆಳಗೆ ಬಗ್ಗಿ ಮನೆಗೆ ನಡೆದರು. ಪಂಚಾಯಿತಿಯವರು ಉಗುರಿನಿಂದ ಗಂಟು ಬಿಡಿಸಬೇಕಾಯಿತು.

ಇಂಥವರನ್ನು ಹಟಮಾರಿಗಳೆಂದು ಮೂಲೆಗೆ ಸರಿಸುವುದು ಸುಲಭ. ಅವರು ಹಳೆಯದನ್ನೆಲ್ಲ ಅಪ್ಪಿಕೊಂಡು ಅಳುವವರಲ್ಲ. ವರ್ಷವರ್ಷವೂ ತಮ್ಮ ಕೈಯಾರೆ ದುರಸ್ತಿ ಮಾಡಿದ ವಸ್ತುವಿನ ಬೆಲೆ ಬಲ್ಲವರು. ಅವರೊಡನೆ ವಾದಿಸಿ ಗೆಲ್ಲಲಾರದ ನಾವು ಸುಮ್ಮನೆ ಕೈಕಟ್ಟಿ ಕೂತು ಅವರನ್ನು ಸೋಲಿಸುತ್ತೇವೆ. ಬಳಿಕ ಕರೆದು ಶಾಲು ಹೊದಿಸುತ್ತೇವೆ. ಶಾಲು ಹೊದ್ದವರು ಇನ್ನೇನೂ ಕೇಳುವುದಿಲ್ಲ ಎಂಬ ಧೈರ್ಯ ನಮಗೆ.